ಲೆಡ್ಜರ್ ಮೇಲೆ ಬೆಕ್ಕಿನ ಹೆಜ್ಜೆ

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಇಲ್ಲ, ಕೋಟೆ ಇಲ್ಲ. ಒಬ್ಬ ಚಕ್ರವರ್ತಿ ಬರ್ತಾನೆ, ಅದೂ ಬೆಕ್ಕು ಸಾಕಿದ್ದ ಅನ್ನೋ ಕಾರಣಕ್ಕೆ ಮಾತ್ರ.

ಮೊದಲು ಒಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. ಈ ಪಾಡ್‌ಕಾಸ್ಟ್ ಶುರು ಮಾಡಿ ನಾಲ್ಕು ವರ್ಷ ಆಯ್ತು. ನಮ್ಮನೆ ಬೆಕ್ಕು ಚಿನ್ನಿಗೆ ಈಗ 13 ವರ್ಷ. ನಾನು ಮೈಕ್ ಆನ್ ಮಾಡಿದರೆ ಸಾಕು, ಅವಳು ಮನೆಯ ಯಾವ ಮೂಲೆಯಲ್ಲಿದ್ದರೂ ಎದ್ದು ಬಂದು ಮೇಜು ಹತ್ತಿ, ನನ್ನ ನೋಟ್ಸ್ ಮೇಲೆಯೇ ಕೂತು, ಒಂದು ಸಲ ಜೋರಾಗಿ ಕೂಗುತ್ತಿದ್ದಳು. ಹೊರಗೆ ಬಿಟ್ಟು ಬಾಗಿಲು ಹಾಕಿದರೆ ಬಾಗಿಲು ಪರಚೋದು. ಎಡಿಟ್ ಮಾಡುವಾಗ ಅದನ್ನೆಲ್ಲ ಕತ್ತರಿಸಿ ಹಾಕುತ್ತಿದ್ದೆ. ಸ್ಟೋರೇಜ್ ತುಂಬಿತು ಅಂತ ಮೂಲ ಫೈಲುಗಳನ್ನೂ ಡಿಲೀಟ್ ಮಾಡಿದೆ. ಕಳೆದ ತಿಂಗಳು ಡಾಕ್ಟರು ಅವಳ ಕಿಡ್ನಿ ಹಾಳಾಗಿದೆ, ಇನ್ನು ಹೆಚ್ಚು ದಿನ ಅಂತ ನಂಬಬೇಡಿ ಅಂದರು. ಆ ರಾತ್ರಿ ಅವಳ ದನಿ ಇರುವ ಒಂದು ಫೈಲ್ ಹುಡುಕಿದೆ. ಫೋಟೋ ಸಾವಿರ ಇವೆ. ವಿಡಿಯೋಗಳೂ ಇವೆ, ಆದರೆ ಎಲ್ಲದರ ಮೇಲೂ ಯಾವುದೋ ಟ್ರೆಂಡಿಂಗ್ ಹಾಡು ಹಾಕಿಟ್ಟಿದ್ದೀನಿ. ಅವಳ ದನಿ ಮಾತ್ರ ಎಲ್ಲೂ ಇಲ್ಲ.

ಹಾಗಾಗಿ ಈ ಪ್ರಶ್ನೆ ಹುಟ್ಟಿತು. ಹಿಂದಿನವರ ಬೆಕ್ಕುಗಳೂ ಇದೇ ಕೆಲಸ ಮಾಡಿರಬೇಕಲ್ಲ? ಬರೆಯುವ ಹಾಳೆ ಮೇಲೆ ಕೂರೋದು, ಮಸಿ ಚೆಲ್ಲೋದು, ಅಡ್ಡ ಬರೋದು. ಅವರು ಅದನ್ನ ಏನು ಮಾಡಿದರು?

ಒಬ್ಬ ಶಪಿಸಿದ. ಸುಮಾರು 1420ರ ಹೊತ್ತಿಗೆ, ಇವತ್ತಿನ ನೆದರ್‌ಲೆಂಡ್ಸ್‌ನ ಡೆವೆಂಟರ್ ಊರಲ್ಲಿ ಒಬ್ಬ ಲಿಪಿಕಾರ ಪುಸ್ತಕ ನಕಲು ಮಾಡುತ್ತಿದ್ದ. ಆಗ ಮುದ್ರಣ ಇಲ್ಲ, ಎಲ್ಲ ಕೈಬರಹ. ರಾತ್ರಿ ಪುಸ್ತಕ ತೆರೆದಿಟ್ಟು ಮಲಗಿದ್ದಾನೆ. ಬೆಳಿಗ್ಗೆ ನೋಡಿದರೆ ಬೆಕ್ಕು ಪುಟದ ಮೇಲೆ ಉಚ್ಚೆ ಹೊಯ್ದಿದೆ! ಪಾಪ, ಪುಟ ಹರಿದು ಬಿಸಾಡಬಹುದಿತ್ತು. ಅವನು ಮಾಡಿದ್ದೇ ಬೇರೆ. ಕಲೆಯಾದ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರ ಬಿಡಿಸಿ, ಅದರ ಕಡೆಗೆ ಬೆರಳು ತೋರಿಸುವ ಕೈಗಳನ್ನೂ ಬರೆದು, ಲ್ಯಾಟಿನ್‌ನಲ್ಲಿ ಷರಾ ಹಾಕಿದ. ಇಲ್ಲಿ ಯಾವ ಪಠ್ಯವೂ ಬಿಟ್ಟುಹೋಗಿಲ್ಲ, ಒಂದು ರಾತ್ರಿ ಬೆಕ್ಕು ಹೀಗೆ ಮಾಡಿತು ಅಂತ ಮೊದಲು ಸ್ಪಷ್ಟಪಡಿಸುತ್ತಾನೆ. ಆಮೇಲೆ ಆ ಬೆಕ್ಕಿಗೆ ಶಾಪ. ಕೊನೆಗೆ, ಬೆಕ್ಕು ಓಡಾಡುವ ಕಡೆ ರಾತ್ರಿ ಪುಸ್ತಕ ತೆರೆದಿಡಬೇಡಿ ಅಂತ ಮುಂದಿನವರಿಗೆ ಎಚ್ಚರಿಕೆ.

ನಾನು ಬಿಕಾಂ ಓದಿದವಳು. ಆ ಮೊದಲ ಸಾಲಿನ ವಿಷಯ ತಿಳಿದಾಗ ನನಗೆ ನಗು ತಡೆಯೋಕಾಗಲಿಲ್ಲ. ಇದು ಪಕ್ಕಾ ಆಡಿಟ್ ನೋಟ್! ಮುಂದೆ ಯಾರಾದರೂ ಪುಟ ಯಾಕೆ ಖಾಲಿ ಅಂತ ಕೇಳಿದರೆ ಉತ್ತರ ರೆಡಿ. ಆ ಹಸ್ತಪ್ರತಿ ಆಮೇಲೆ ಜರ್ಮನಿಯ ಕೊಲೋನ್ ನಗರದ ದಾಖಲೆಗಳ ಸಂಗ್ರಹ ಸೇರಿತು. ಬರೆದವನು ಯಾರು ಅಂತ ಓದುಗರು ಕೇಳಲ್ಲ. ಬೆಕ್ಕು ಮಾತ್ರ ಫೇಮಸ್.

ಇನ್ನೊಂದು ಕತೆ ಆಡ್ರಿಯಾಟಿಕ್ ಸಮುದ್ರದ ದಡದ ಡುಬ್ರೊವ್ನಿಕ್ ಊರಿನದು. ಇವತ್ತು ಕ್ರೊಯೇಷಿಯಾದಲ್ಲಿದೆ. ಆಗ ರಗೂಸಾ ಅಂತ ಹೆಸರು, ವ್ಯಾಪಾರದಿಂದಲೇ ಬದುಕುತ್ತಿದ್ದ ಪುಟ್ಟ ಗಣರಾಜ್ಯ. ಅಲ್ಲಿನ ಆಡಳಿತ ಹೊರಗೆ ಕಳಿಸುತ್ತಿದ್ದ ಪತ್ರ, ಸೂಚನೆಗಳನ್ನ ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ನಕಲು ಮಾಡಿಡುತ್ತಿದ್ದರು. 2011ರಲ್ಲಿ ಸರಾಯೆವೊದ ಇತಿಹಾಸಕಾರ ಎಮಿರ್ ಫಿಲಿಪೊವಿಚ್ ಬೇರೇನೋ ಹುಡುಕುತ್ತಾ 1445ರ ಪುಸ್ತಕ ತಿರುವಿದಾಗ, ಅಕ್ಷರಗಳ ಮೇಲೆ ಮಸಿ ಮೆತ್ತಿದ ಪಂಜಗಳ ಗುರುತು. ಬೆಕ್ಕು ಮಸಿ ತುಳಿದು ಪುಟ ದಾಟಿ ಹೋಗಿದೆ. ಅವರು ಫೋಟೋ ತೆಗೆದಿಟ್ಟುಕೊಂಡರು, ಆಮೇಲೆ ಅದು ಇಂಟರ್‌ನೆಟ್ ತುಂಬ ಓಡಾಡಿತು. ನೀವೂ ಎಲ್ಲೋ ನೋಡಿರ್ತೀರಿ.

ಆ ಕಾಲದ ಯುರೋಪಿನ ಮಸಿಯನ್ನ ಸಾಮಾನ್ಯವಾಗಿ ಓಕ್ ಮರದ ಗಂಟು ಮತ್ತು ಕಬ್ಬಿಣದ ಲವಣ ಸೇರಿಸಿ ಮಾಡುತ್ತಿದ್ದರು. ಕಾಗದದೊಳಗೆ ಇಳಿದು ಕಚ್ಚಿಕೊಳ್ಳುವ ಮಸಿ ಅದು, ಒರೆಸಿದರೆ ಹೋಗಲ್ಲ. ಗುಮಾಸ್ತ ಬೈದಿರಬಹುದು, ಓಡಿಸಿರಬಹುದು. ಆದರೆ ಸರ್ಕಾರಿ ಪುಸ್ತಕ, ಹರಿಯೋಕಾಗಲ್ಲ. ಹಾಗಾಗಿ ಉಳಿಯಿತು.

ಅಷ್ಟಕ್ಕೂ ಬೆಕ್ಕಿಗೆ ಹಾಳೆ ಮೇಲೆ ಯಾಕೆ ಕಣ್ಣು? ಬೆಕ್ಕಿನ ಮೈಗೆ ಹಿತ ಅನ್ನಿಸುವ ಉಷ್ಣತೆ ಸುಮಾರು 30ರಿಂದ 38 ಡಿಗ್ರಿ, ನಮಗಿಂತ ತುಂಬ ಜಾಸ್ತಿ. ಬಿಸಿ ಲ್ಯಾಪ್‌ಟಾಪ್ ಅವಕ್ಕೆ ಬಚ್ಚಲ ಒಲೆ ಇದ್ದ ಹಾಗೆ. ಜೊತೆಗೆ ನಮ್ಮ ಮುಖ, ಕೈ ಎಲ್ಲ ಅಲ್ಲೇ ಇರುತ್ತಲ್ಲ! ಇನ್ನು ಕೂಗೋದು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನೋದು ಕಡಿಮೆ. ಅದು ಮರಿಗಳು ತಾಯಿಯನ್ನ ಕರೆಯುವ ದನಿ, ದೊಡ್ಡವಾದ ಮೇಲೆ ಹೆಚ್ಚಾಗಿ ಮನುಷ್ಯರ ಮುಂದೆ ಬಳಸುತ್ತವೆ. ಹೊದಿಕೆ ಮೇಲೆ ಚಪಾತಿ ಹಿಟ್ಟು ನಾದುವ ಹಾಗೆ ಒತ್ತುತ್ತವಲ್ಲ, ಅದೂ ಹಾಲು ಕುಡಿಯುವಾಗಿನ ಅಭ್ಯಾಸವೇ. ನಾನು ಕತ್ತರಿಸಿ ಹಾಕಿದ್ದು ಏನನ್ನ ಅಂತ ಇದು ಗೊತ್ತಾದ ಮೇಲೆ ಹೊಟ್ಟೆಯೊಳಗೆ ಒಂಥರಾ ಆಯ್ತು.

ನಮ್ಮ ಕಡೆ ಬೆಕ್ಕಿಗೆ ಹೆಸರು ಅಷ್ಟು ಚೆನ್ನಾಗಿಲ್ಲ ಬಿಡಿ. ಅಡ್ಡ ಬಂದರೆ ಅಪಶಕುನ, ಕಣ್ಣು ಮುಚ್ಚಿ ಹಾಲು ಕುಡಿದರೆ ಕಳ್ಳ. ಮಹಾಬಲಿಪುರಂಗೆ ಟೂರ್ ಹೋದವರು ಅರ್ಜುನನ ತಪಸ್ಸು ಅಂತ ಕರೆಯುವ ದೊಡ್ಡ ಬಂಡೆಯ ಕೆತ್ತನೆ ನೋಡಿರ್ತೀರಿ. 7ನೇ ಶತಮಾನದ ಪಲ್ಲವರ ಕೆಲಸ. ಅದರಲ್ಲಿ ಒಂದು ಬೆಕ್ಕು ಹಿಂಗಾಲ ಮೇಲೆ ನಿಂತು, ಮುಂಗಾಲು ಎತ್ತಿ ತಪಸ್ಸು ಮಾಡುತ್ತಿದೆ, ಕಾಲಬುಡದಲ್ಲಿ ಇಲಿಗಳು. ಕಳ್ಳ ಸನ್ಯಾಸಿ ಬೆಕ್ಕಿನ ಕತೆ ಮಹಾಭಾರತದಲ್ಲೂ ಇದೆ. ಆದರೆ ಹೋದ ಸಲ ಅದರ ಮುಂದೆ ನಿಂತಾಗ ನನಗೆ ಅನ್ನಿಸಿದ್ದು, ಈ ಶಿಲ್ಪಿಯ ಮನೆಯಲ್ಲಿ ಖಂಡಿತ ಬೆಕ್ಕಿತ್ತು ಅಂತ. ಮೀನು ಕುಯ್ಯುವಾಗ ಚಿನ್ನಿ ನಿಲ್ಲುವುದು ಥೇಟ್ ಹಾಗೇ.

ಚಕ್ರವರ್ತಿಯ ವಿಷಯಕ್ಕೆ ಬರ್ತೀನಿ. ಜಪಾನಿನ ಉದಾ. 889ನೇ ಇಸವಿ, ವಯಸ್ಸು ಇಪ್ಪತ್ತೆರಡರ ಆಸುಪಾಸು, ನಮ್ಮಲ್ಲಿ ಹಲವರಿಗಿಂತ ಚಿಕ್ಕವನು. ದಿನಚರಿಯಲ್ಲಿ ತನ್ನ ಕಪ್ಪು ಬೆಕ್ಕಿನ ಬಗ್ಗೆ ಬರೆದಿದ್ದಾನೆ. ಬೇರೆ ಬೆಕ್ಕುಗಳ ಕಪ್ಪು ತೆಳು, ನನ್ನದು ಮಸಿಯಂಥ ಕಪ್ಪು ಅನ್ನುತ್ತಾನೆ. ಮುದುಡಿ ಮಲಗಿದರೆ ಧಾನ್ಯದ ಕಾಳಿನಷ್ಟು ಗುಂಡಗೆ, ಕಾಲೇ ಕಾಣಲ್ಲ. ಮೈ ಮುರಿದರೆ ಬಿಲ್ಲಿನ ಹಾಗೆ ಉದ್ದ. ಅದನ್ನ ಕೊಟ್ಟವನು ಅವನ ಅಪ್ಪ, ಚಕ್ರವರ್ತಿ ಕೋಕೊ. 887ರಲ್ಲಿ ಅಪ್ಪ ತೀರಿಕೊಂಡ. ದಿನಾ ಬೆಳಿಗ್ಗೆ ಹಾಲಿನ ಗಂಜಿ ಹಾಕಿ ಸಾಕುತ್ತಿದ್ದ ಮಗ, ಬೆಕ್ಕು ವಿಶೇಷ ಅಂತಲ್ಲ, ತಂದೆ ಕೊಟ್ಟದ್ದು ಅಂತ ಸಮಜಾಯಿಷಿ ಕೊಡುತ್ತಾನೆ. ನಂಬೋದು ಕಷ್ಟ! ಯಾಕಂದ್ರೆ ಅದೇ ಬರಹದಲ್ಲಿ ಬೆಕ್ಕನ್ನ ಮಾತಾಡಿಸುತ್ತಾನೆ, ನಿನಗೆ ನಾನು ಅರ್ಥವಾಗ್ತೀನಲ್ವಾ ಅನ್ನುವ ಧಾಟಿಯಲ್ಲಿ. ಬೆಕ್ಕು ಉಸಿರು ಬಿಟ್ಟು, ತಲೆ ಎತ್ತಿ ಮುಖ ನೋಡಿತಂತೆ. ಗಂಟಲು ಕಟ್ಟಿದ ಹಾಗಿತ್ತು, ಆದರೆ ಮಾತು ಬರಲಿಲ್ಲ ಅಂತ ಬರೆದುಕೊಂಡಿದ್ದಾನೆ.

ದೇಶ ಆಳುವವನು ಕಾಗದದ ಮೇಲೂ ಪ್ರೀತಿ ಒಪ್ಪಿಕೊಳ್ಳೋಕೆ ನಾಚಿಕೊಂಡಿದ್ದಾನೆ. ಇದಕ್ಕಿಂತ ಸುಮಾರು 900 ವರ್ಷ ಆಮೇಲೆ ಲಂಡನ್‌ನಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಬೆಕ್ಕು ಹಾಜ್‌ಗೆ ತಾನೇ ಅಂಗಡಿಗೆ ಹೋಗಿ ಆಯ್ಸ್ಟರ್ ತರುತ್ತಿದ್ದ. ಆಳುಗಳನ್ನ ಕಳಿಸಿದರೆ ಅವರು ಬೆಕ್ಕಿನ ಮೇಲೆ ಸಿಟ್ಟಾದಾರು ಅಂತ. ಒಮ್ಮೆ, ಇದಕ್ಕಿಂತ ಇಷ್ಟವಾದ ಬೆಕ್ಕುಗಳು ನನಗಿದ್ದವು ಅಂದವನು, ಹಾಜ್ ಬೇಜಾರಾದ ಹಾಗೆ ಕಂಡು, ಇದೂ ತುಂಬ ಒಳ್ಳೆ ಬೆಕ್ಕೇ ಅಂತ ಸೇರಿಸಿದನಂತೆ. ಬರೆದಿಟ್ಟವನು ಬಾಸ್ವೆಲ್, ಅವನಿಗೆ ಬೆಕ್ಕು ಕಂಡರೇ ಆಗುತ್ತಿರಲಿಲ್ಲ!

ಚಿನ್ನಿ ಈಗ ಮೇಜು ಹತ್ತಲ್ಲ. ನಾನೇ ಎತ್ತಿ, ಹಳೇ ಟವೆಲ್ ಹಾಸಿ, ಮೈಕ್ ಪಕ್ಕ ಮಲಗಿಸಿದ್ದೀನಿ. ಕೂಗೋದು ನಿಂತಿದೆ. ಆದರೆ ಈ ಸಂಚಿಕೆಯ 11ನೇ ನಿಮಿಷದಿಂದ ಹಿಂದೆ ಒಂದು ಗುರ್ ಗುರ್ ಸದ್ದು ಕೇಳುತ್ತೆ. ಫ್ಯಾನ್ ಅಲ್ಲ, ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಎಡಿಟ್ ಮಾಡಿಲ್ಲ ಅಷ್ಟೇ.