ಬಚ್ಚಲುಮನೆಯ ಮುಗ್ಗಲು ವಾಸನೆ: ಮೂಲ ಎಲ್ಲಿ, ಪರಿಹಾರವೇನು?

ನೆಲ ಉಜ್ಜಿ ತೊಳೆದು, ಫಿನಾಯಿಲ್ ಹಾಕಿ, ಗೋಡೆಗೆ ಸುವಾಸನೆಯ ಪೊಟ್ಟಣ ತೂಗುಹಾಕಿದ ಮೇಲೂ ಎರಡೇ ದಿನದಲ್ಲಿ ಬಚ್ಚಲುಮನೆಯಿಂದ ಮತ್ತೆ ಮುಗ್ಗಲು ವಾಸನೆ ಹೊರಡುವುದು ನಗರದ ಬಹಳಷ್ಟು ಮನೆಗಳ ಅನುಭವ. ಮಳೆಗಾಲದಲ್ಲಂತೂ ಈ ವಾಸನೆ ಪಕ್ಕದ ಮಲಗುವ ಕೋಣೆಗೂ, ಬೀರುವಿನ ಬಟ್ಟೆಗಳಿಗೂ ಹಬ್ಬುತ್ತದೆ. ಇದನ್ನು ಶುಚಿತ್ವದ ಕೊರತೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ವಾಸನೆಯ ಮೂಲ ಕೊಳೆಗಿಂತ ಹೆಚ್ಚಾಗಿ ನೀರು. ಹೊರಹೋಗದೆ ಉಳಿದ ನೀರಾವಿ, ಗೋಡೆ ಮತ್ತು ನೆಲದೊಳಗೆ ಇಳಿದ ನೀರು, ಅಥವಾ ಇರಬೇಕಾದ ಜಾಗದಲ್ಲಿ ಇಲ್ಲವಾದ ನೀರು – ಈ ಮೂರರಲ್ಲಿ ಯಾವುದು ಕಾರಣವೆಂದು ಗುರುತಿಸದೆ ಎಷ್ಟು ತೊಳೆದರೂ ಪ್ರಯೋಜನವಾಗದು.

ತೇವವು ಬರೀ ಕಿರಿಕಿರಿಯ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಕುರಿತಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಇಂಥ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮೊದಲಾದ ಶ್ವಾಸಕೋಶದ ತೊಂದರೆಗಳ ಸಂಭವ ಹೆಚ್ಚೆಂದು ಅದು ತಿಳಿಸಿದೆ. ಆಸ್ತಮಾ ಇರುವ ಮಕ್ಕಳು ಹಾಗೂ ವೃದ್ಧರಿರುವ ಮನೆಗಳಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ಒಲೆ ಹೋಯಿತು, ಆವಿ ಉಳಿಯಿತು

ಹಳೆಯ ಮನೆಗಳಲ್ಲಿ ಬಚ್ಚಲು ಇರುತ್ತಿದ್ದುದು ಹಿತ್ತಿಲ ಕಡೆಗೆ. ಹಂಡೆಯ ಕೆಳಗೆ ದಿನವೂ ಒಲೆ ಉರಿಯುತ್ತಿತ್ತು. ಆ ಬೆಂಕಿ ನೀರನ್ನಷ್ಟೇ ಅಲ್ಲ, ಗೋಡೆಯನ್ನೂ ಕಾಯಿಸಿ ಒಣಗಿಸುತ್ತಿತ್ತು. ಹೊಗೆ ಹೋಗಲೆಂದು ಬಿಟ್ಟ ಕಿಂಡಿಯಲ್ಲಿ ಆವಿಯೂ ಹೊರಹೋಗುತ್ತಿತ್ತು. ಗೋಡೆಗೆ ಬಳಿಯುತ್ತಿದ್ದ ಸುಣ್ಣ ತೀವ್ರ ಕ್ಷಾರಗುಣದ್ದಾದ್ದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಹಿಡಿಯುತ್ತಿರಲಿಲ್ಲ.

ಇಂದಿನ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ. ಅಂಗೈಯಗಲದ ಗಾಜಿನ ಕಿಟಕಿ ತೆರೆದುಕೊಳ್ಳುವುದು ಎಷ್ಟೋ ಕಡೆ ಕತ್ತಲೆಯ ಓಣಿಯಂಥ ಸಂದಿಗೆ. ಬಿಸಿನೀರಿನ ಆವಿ ತಣ್ಣನೆಯ ಟೈಲ್ಸ್, ಕನ್ನಡಿ ಮತ್ತು ಚಾವಣಿಯ ಮೇಲೆ ಹನಿಯಾಗಿ ಕೂರುತ್ತದೆ. ಸೋಪಿನ ಜಿಡ್ಡು ಬೂಷ್ಟಿಗೆ ಆಹಾರವಾಗುತ್ತದೆ. ಒದ್ದೆಯಾದ ಮೇಲ್ಮೈ 24ರಿಂದ 48 ಗಂಟೆಗಳೊಳಗೆ ಒಣಗಿದರೆ ಬಹುಪಾಲು ಬೂಷ್ಟು ಬೆಳೆಯದು. ಒಣಗುವ ಮುನ್ನವೇ ಮುಂದಿನ ಸ್ನಾನ ಮುಗಿಯುವ ಮನೆಗಳಲ್ಲಿ ಆ ಅವಕಾಶವೇ ಇರುವುದಿಲ್ಲ.

ಮೂಗೇ ಮೊದಲ ಪರೀಕ್ಷಕ

ವಾಸನೆಯ ಬಗೆಯನ್ನು ಗಮನಿಸಿದರೆ ಅರ್ಧ ಉತ್ತರ ದೊರೆಯುತ್ತದೆ.

* ಹಳೆಯ ಪುಸ್ತಕದಂಥ ಅಥವಾ ಒದ್ದೆ ಮಣ್ಣಿನಂಥ ವಾಸನೆಯಿದ್ದರೆ ಬೂಷ್ಟು ಮತ್ತು ತೇವ ಕಾರಣ.
* ಕೊಳೆತ ಮೊಟ್ಟೆಯ ವಾಸನೆ ಚರಂಡಿ ಅನಿಲದ್ದು. ಇದರಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ.
* ಬಿಸಿನೀರು ಬಿಟ್ಟಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದು, ತಣ್ಣೀರಿನಲ್ಲಿ ಬಾರದಿದ್ದರೆ ದೋಷವಿರುವುದು ಗೀಸರ್ ತೊಟ್ಟಿಯೊಳಗೆ. ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿಂದ ಹೀಗಾಗುವುದುಂಟು. ತೊಟ್ಟಿ ತೊಳೆಸಿ, ಒಳಗಿನ ಆನೋಡ್ ಸರಳನ್ನು ಪರೀಕ್ಷಿಸಬೇಕು.
* ಮೂತ್ರದ ಘಾಟು ತೊಳೆದ ಮೇಲೂ ಉಳಿದರೆ ಕಮೋಡಿನ ಬುಡದ ಜೋಡಣೆ ಬಿರುಕು ಬಿಟ್ಟಿರಬಹುದು.
* ಸುಟ್ಟ ಪ್ಲಾಸ್ಟಿಕ್ ಅಥವಾ ಮೀನಿನಂಥ ವಾಸನೆ ಬಂದರೆ ಗೀಸರ್ ಸ್ವಿಚ್ಚು ಆರಿಸಿ ಎಲೆಕ್ಟ್ರೀಷಿಯನ್‌ನನ್ನು ಕರೆಸಬೇಕು. ವಿದ್ಯುತ್ ತಂತಿ ಅತಿಯಾಗಿ ಕಾದಾಗ ಇಂಥ ವಾಸನೆ ಹುಟ್ಟುತ್ತದೆ.

ನೀರು ಇರಬೇಕಾದ ಜಾಗ

ಬಚ್ಚಲಿನ ಜಾಲರಿಯ ಕೆಳಗೆ, ವಾಷ್ ಬೇಸಿನ್ನಿನ ಅಡಿಯಲ್ಲಿ ಹಾಗೂ ಕಮೋಡಿನ ಒಳಗೆ ಬಾಗಿದ ಕೊಳವೆಯಿರುತ್ತದೆ. ಪ್ಲಂಬರ್‌ಗಳು ಇದನ್ನು ಟ್ರ್ಯಾಪ್ ಎನ್ನುತ್ತಾರೆ. ನೆಲದಲ್ಲಿರುವುದಕ್ಕೆ ನಹಾನಿ ಟ್ರ್ಯಾಪ್ ಎಂಬ ಹೆಸರೂ ಇದೆ. ಆ ಬಾಗಿನಲ್ಲಿ ಸದಾ ನಿಲ್ಲುವ ಸ್ವಲ್ಪ ನೀರೇ ಚರಂಡಿ ಅನಿಲಕ್ಕೆ ಬಾಗಿಲು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕರು ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಶೌಚಾಲಯದಲ್ಲಿ ಈ ಬಾಗಿದ ಕೊಳವೆಯಿತ್ತು. ಇಂದಿಗೂ ತತ್ವ ಅದೇ.

ಅತಿಥಿಗಳ ಕೋಣೆಯ ಬಚ್ಚಲನ್ನು ವಾರಗಟ್ಟಲೆ ಬಳಸದಿದ್ದರೆ, ಅಥವಾ ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಈ ನೀರು ಆರಿಹೋಗುತ್ತದೆ. ಆಗ ಚರಂಡಿಗೂ ಮನೆಗೂ ನಡುವೆ ತಡೆಯೇ ಇರುವುದಿಲ್ಲ. ಪರೀಕ್ಷೆ ಸುಲಭ: ಪ್ರತಿ ಜಾಲರಿಗೂ ಎರಡು ಚೊಂಬು ನೀರು ಸುರಿದು ಬಾಗಿಲು ಹಾಕಿಡಬೇಕು. ಮರುದಿನ ವಾಸನೆ ಇಲ್ಲವಾದರೆ ರೋಗವೂ ಔಷಧವೂ ಸಿಕ್ಕಂತಾಯಿತು. ದೀರ್ಘ ಪ್ರವಾಸಕ್ಕೆ ಹೊರಡುವಾಗ ಆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಅದು ಬೇಗ ಆರುವುದಿಲ್ಲ.

ನೀರು ಸುರಿದ ಕೆಲವೇ ಗಂಟೆಗಳಲ್ಲಿ ವಾಸನೆ ಮರುಕಳಿಸಿದರೆ ಟ್ರ್ಯಾಪ್ ಒಡೆದಿರಬಹುದು. ಮೇಲಿನ ಮಹಡಿಯವರು ಫ್ಲಶ್ ಮಾಡಿದಾಗ ಜಾಲರಿಯಲ್ಲಿ ಗೊಳಗೊಳ ಸದ್ದಾದರೆ ಕಟ್ಟಡದ ಗಾಳಿಕೊಳವೆ ಕಟ್ಟಿಕೊಂಡು, ಟ್ರ್ಯಾಪಿನ ನೀರು ಸೆಳೆದುಹೋಗುತ್ತಿರಬಹುದು. ಎರಡೂ ಪ್ಲಂಬರ್ ನೋಡಬೇಕಾದ ಕೆಲಸ. ಜಾಲರಿ ಎತ್ತಿ ಕೂದಲು, ಸೋಪಿನ ಲೋಳೆ ತೆಗೆಯುವುದನ್ನು ಮಾತ್ರ ಮನೆಯವರೇ ವಾರಕ್ಕೊಮ್ಮೆ ಮಾಡಬೇಕು. ಪುಟ್ಟ ಕರಿ ನೊಣಗಳು ಗೋಡೆಯ ಮೇಲೆ ಕೂರುತ್ತಿದ್ದರೆ ಅವು ಮೊಟ್ಟೆಯಿಡುವುದು ಆ ಲೋಳೆಯಲ್ಲೇ.

ಗೋಡೆಯ ತೇವ ಒಳಗಿನದೋ, ಹೊರಗಿನದೋ

ಗೋಡೆಯ ಒದ್ದೆಗೆ ಆವಿ ಕಾರಣವೋ, ಸೋರಿಕೆಯೋ ಎಂದು ತಿಳಿಯಲು ಸರಳ ಉಪಾಯವಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿನಲ್ಲಿ ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಹೊರಮೈಯಲ್ಲಿ ಕೂತರೆ ಅದು ಗಾಳಿಯ ತೇವ. ಹಾಳೆಯ ಒಳಮೈ ಬೆವರಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಗೋಡೆಯ ಬಿಳಿ ಪುಡಿಯ ಮೇಲೆ ನೀರು ಚಿಮುಕಿಸಿದಾಗ ಅದು ಕರಗಿದರೆ ಇಟ್ಟಿಗೆ, ಗಾರೆಯಿಂದ ಹೊರಬಂದ ಉಪ್ಪು, ಕರಗದಿದ್ದರೆ ಬೂಷ್ಟು.

ಅಪಾರ್ಟ್‌ಮೆಂಟುಗಳಲ್ಲಿ ಮತ್ತೊಂದು ತೊಡಕಿದೆ. ಕೊಳವೆ ಹಾಯಿಸಲೆಂದು ಬಚ್ಚಲಿನ ಕಾಂಕ್ರೀಟ್ ಹಾಸನ್ನು ತಗ್ಗಿಸಿ ಕಟ್ಟಿ, ಇಟ್ಟಿಗೆ ಚೂರು ಮೊದಲಾದವುಗಳಿಂದ ತುಂಬುವ ಪದ್ಧತಿ ವ್ಯಾಪಕವಾಗಿದೆ. ಟೈಲ್ಸ್ ಸಂದಿಯಿಂದ ಇಳಿದ ನೀರು ಈ ತಗ್ಗಿನಲ್ಲಿ ನಿಂತು ಕೊಳೆಯುತ್ತದೆ. ಮೇಲ್ಮೈ ಒಣಗಿದ್ದರೂ ವಾಸನೆ ಬರುವುದು, ಕೆಳಗಿನ ಮನೆಯ ಚಾವಣಿಯಲ್ಲಿ ಕಲೆ ಮೂಡುವುದು ಇದರ ಲಕ್ಷಣ. ನೆರೆಹೊರೆಯವರ ನಡುವೆ ಮನಸ್ತಾಪ ಹುಟ್ಟುವುದೂ ಇಲ್ಲಿಯೇ. ಜಗಳಕ್ಕೆ ಮುನ್ನ ಮೇಲಿನ ಬಚ್ಚಲಿನ ಜಾಲರಿ ಮುಚ್ಚಿ, ಒಂದು ಅಂಗುಲ ಬಣ್ಣದ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಕಾಯುವುದು ಮೇಲು. ಮಟ್ಟ ಗಮನಾರ್ಹವಾಗಿ ಇಳಿದರೆ ಅಥವಾ ಕೆಳಗೆ ಬಣ್ಣ ಕಾಣಿಸಿದರೆ ನೆಲಕ್ಕೆ ಜಲನಿರೋಧಕ ಪದರ ಹೊಸದಾಗಿ ಹಾಕಿಸಲೇಬೇಕು. ಕೆಳಗಿನ ಚಾವಣಿಗೆ ಬಣ್ಣ ಬಳಿಯುವುದರಿಂದ ಸೋರಿಕೆ ನಿಲ್ಲದು.

ಆವಿಗೆ ದಾರಿ

ಕಾರಣ ಕೇವಲ ಆವಿಯಾಗಿದ್ದರೆ ಖರ್ಚು ಕಡಿಮೆ. ಸ್ನಾನ ಮುಗಿದೊಡನೆ ಗೋಡೆ ಮತ್ತು ನೆಲದ ನೀರನ್ನು ವೈಪರ್‌ನಿಂದ ಎಳೆದುಬಿಟ್ಟರೆ ಒಣಗಬೇಕಾದ ನೀರಿನ ಬಹುಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಸ್ನಾನದ ವೇಳೆಯಲ್ಲದೆ ಆನಂತರವೂ 20ರಿಂದ 30 ನಿಮಿಷ ಓಡಿಸಬೇಕು. ಫ್ಯಾನ್ ಹೊರದೂಡಿದಷ್ಟು ಗಾಳಿ ಒಳಬರಲು ಬಾಗಿಲ ಕೆಳಗೆ ಬೆರಳಗಲದ ಸಂದಿ ಇರಲೇಬೇಕು. ಇಲ್ಲದಿದ್ದರೆ ಅದು ತಿರುಗುತ್ತದೆಯೇ ಹೊರತು ಗಾಳಿ ಕದಲುವುದಿಲ್ಲ. ಒದ್ದೆ ಟವೆಲು, ಕಾಲೊರೆಸು, ನೆನೆಸಿದ ಬಟ್ಟೆಯ ಬಕೆಟ್ಟು ಬಚ್ಚಲಿನಲ್ಲಿ ಉಳಿಯಬಾರದು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಟಕಿ ತೆರೆದ ಮಾತ್ರಕ್ಕೆ ಕೋಣೆ ಒಣಗದು. ಅಲ್ಲಿ ನೀರನ್ನು ಒರೆಸಿ ತೆಗೆಯುವುದೇ ಮುಖ್ಯ ಉಪಾಯ. ಅಗತ್ಯವಿದ್ದರೆ ತೇವಾಂಶ ಹೀರುವ ಯಂತ್ರವನ್ನು ಬಚ್ಚಲಿಗೆ ಹೊಂದಿದ ಕೋಣೆಯಲ್ಲಿಡಬಹುದು. ಮನೆಯೊಳಗಿನ ಆರ್ದ್ರತೆ ಶೇ. 60ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ಸಲಹೆ.

ಬೂಷ್ಟು ತೆಗೆಯುವಾಗ ಎಚ್ಚರ

ಟೈಲ್ಸ್ ಮೇಲಿನ ಬೂಷ್ಟಿಗೆ ಸೋಪಿನ ನೀರು, ಬ್ರಶ್ಶು ಸಾಕು. ಬ್ಲೀಚ್ ದ್ರಾವಣ ಬಳಸುವುದಾದರೆ ನಾಲ್ಕು ಲೀಟರ್ ನೀರಿಗೆ ಒಂದು ಲೋಟಕ್ಕಿಂತ ಹೆಚ್ಚು ಬೇಡ. ಕೈಗವಸು ಧರಿಸಿ, ಬಾಗಿಲು ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ಬ್ಲೀಚ್ ಜೊತೆ ಟೈಲ್ಸ್ ತೊಳೆಯುವ ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೋನಿಯ ಇರುವ ದ್ರಾವಣ ಬೆರೆತರೂ ಅಪಾಯವೇ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟದಿರುವುದು ಲೇಸು. ಆಸಿಡ್ ಮತ್ತೊಂದು ಬಗೆಯಲ್ಲೂ ಹಾನಿಕರ: ಅದು ಟೈಲ್ಸ್ ನಡುವಿನ ಸಿಮೆಂಟನ್ನು ತಿಂದುಹಾಕಿ ನೀರು ಇಳಿಯಲು ತಾನೇ ದಾರಿ ಮಾಡಿಕೊಡುತ್ತದೆ. ಹತ್ತು ಚದರ ಅಡಿಗಿಂತ ಹೆಚ್ಚು ಜಾಗಕ್ಕೆ ಬೂಷ್ಟು ಹಬ್ಬಿದ್ದರೆ ಅನುಭವಿಗಳಿಗೆ ವಹಿಸಬೇಕು.

ನ್ಯಾಫ್ತಲೀನ್‌ನ ನುಸಿಗುಳಿಗೆಗಳು ವಾಸನೆಯನ್ನು ಮರೆಮಾಚುತ್ತವೆಯೇ ಹೊರತು ತೇವವನ್ನು ಹೀರುವುದಿಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಇದು ರಕ್ತಕಣಗಳನ್ನು ನಾಶಪಡಿಸಬಲ್ಲದು. ಎಳೆಯ ಮಕ್ಕಳಿರುವ ಮನೆಗೆ ಇದು ತಕ್ಕುದಲ್ಲ.

ವಾಸನೆಯೇ ಇಲ್ಲದ ಅಪಾಯ

ಚರಂಡಿಯ ದುರ್ನಾತ, ಸೊಳ್ಳೆ ಅಥವಾ ಚಳಿಗಾಳಿಗೆ ಬೇಸತ್ತು ಬಚ್ಚಲಿನ ಕಿಂಡಿಗೆ ರಟ್ಟು, ಪ್ಲಾಸ್ಟಿಕ್ ಅಂಟಿಸಿಬಿಡುವವರಿದ್ದಾರೆ. ಅದೇ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಇದು ಪ್ರಾಣಕ್ಕೇ ಎರವಾದೀತು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ಘಾಟು ಬೆರೆಸಲಾಗಿರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆನೋವು, ತಲೆಸುತ್ತು, ವಾಕರಿಕೆಯಿಂದ ಕುಸಿದು ಸಾವನ್ನಪ್ಪಿದ ಪ್ರಕರಣಗಳು ರಾಜ್ಯದಲ್ಲಿಯೂ ವರದಿಯಾಗಿವೆ.

ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಅಳವಡಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳತರುವುದು ಸರಿಯಾದ ಕ್ರಮ. ಯಾರಾದರೂ ಕುಸಿದುಬಿದ್ದರೆ ಬಾಗಿಲು ತೆರೆದು, ಗ್ಯಾಸ್ ನಿಲ್ಲಿಸಿ, ತಕ್ಷಣ ಬಯಲಿನ ಗಾಳಿಗೆ ಸಾಗಿಸಿ 108ಕ್ಕೆ ಕರೆ ಮಾಡಬೇಕು.

ಒಟ್ಟಿನಲ್ಲಿ ಕ್ರಮ ಹೀಗೆ: ಮೊದಲ ದಿನ ಜಾಲರಿಗಳಿಗೆ ನೀರು ಸುರಿಯುವುದು, ಮರುದಿನ ಗೋಡೆಗೆ ಹಾಳೆ ಅಂಟಿಸುವುದು, ವಾರವಿಡೀ ಸ್ನಾನದ ನಂತರ ನೀರೆಳೆದು ಫ್ಯಾನ್ ಓಡಿಸುವುದು. ಇಷ್ಟಾದ ಮೇಲೂ ವಾಸನೆ ಉಳಿದರೆ ಪ್ಲಂಬರ್‌ಗೆ ಎಲ್ಲಿ ಅಗೆಯಬೇಕೆಂದು ಹೇಳುವಷ್ಟು ಮಾಹಿತಿ ಮನೆಯವರ ಕೈಯಲ್ಲಿರುತ್ತದೆ. ಸುವಾಸನೆಯ ಪೊಟ್ಟಣ ಕೊಳ್ಳುವ ಮಾತು ಆಮೇಲಿನದು. ಕಿಂಡಿಗೆ ಅಂಟಿಸಿದ ರಟ್ಟನ್ನು ಕಿತ್ತುಹಾಕುವುದಂತೂ ಇಂದೇ ಆಗಬೇಕಾದ ಕೆಲಸ.