ಪ್ರೇತಕಥೆಯಲ್ಲಿ ಭಯೋತ್ಕಂಠೆ: ಬಂಗಾಲಿ ಟೋಲಾ ಮತ್ತು ಬಂಗಾಳಿ ಸಂಪ್ರದಾಯ

ಕಾಶಿಯ ದಶಾಶ್ವಮೇಧ ಘಟ್ಟದಿಂದ ದಕ್ಷಿಣಕ್ಕೆ, ಕೇದಾರಘಟ್ಟದ ಕಡೆಗೆ ಹಬ್ಬಿರುವ ಇಕ್ಕಟ್ಟಾದ ಗಲ್ಲಿಗಳ ಕೇರಿಯೇ ಬಂಗಾಲಿ ಟೋಲಾ. ಕ್ಷೇತ್ರದಲ್ಲಿ ದೇಹವಿಟ್ಟವನಿಗೆ ಪುನರಾಗಮನವಿಲ್ಲವೆಂದು ನಂಬಿ ಬಂದ ಬಂಗಾಳದ ವೃದ್ಧರೂ ವಿಧವೆಯರೂ ನೆಲೆಸಿದ, 1854ರಷ್ಟು ಹಿಂದೆಯೇ ತನ್ನದೊಂದು ಶಾಲೆಯನ್ನು ಪಡೆದ ಈ ಕೇರಿಯಿಂದ ಪ್ರೇತಕಥೆಯ ವಿವೇಚನೆಯನ್ನು ಆರಂಭಿಸುವುದು ಉಚಿತ. ಅಪಮೃತ್ಯುವಿಗೀಡಾದವರಿಗಾಗಿ ಅದೇ ನಗರದ ಪಿಶಾಚಮೋಚನ ತೀರ್ಥದಲ್ಲಿ ಇಂದಿಗೂ ತ್ರಿಪಿಂಡಿ ಶ್ರಾದ್ಧವನ್ನು ಮಾಡಿಸುವರು. ತೀರ್ಥವು ಕರುಣಿಸುವ ಈ ಬಿಡುಗಡೆಯನ್ನು ಕಥೆಗಾರನು ಕೊನೆಯವರೆಗೂ ತಡೆಹಿಡಿಯುವನು; ಉತ್ಕಂಠೆಯ ಮೂಲ ಆ ತಡೆಯಲ್ಲಿದೆ.

ಪ್ರಾಚೀನ ರೂಪ. 11ನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿರುವ ಬೇತಾಳ ಕಥೆಗಳಲ್ಲಿ ಅರಸನು ಉತ್ತರವಿತ್ತರೆ ಶವವು ಮರಕ್ಕೆ ಮರಳುವುದು, ಬಲ್ಲವನಾಗಿಯೂ ಸುಮ್ಮನಿದ್ದರೆ ತಲೆ ಸಿಡಿಯುವುದು. ಶ್ಮಶಾನದ ವರ್ಣನೆಗಿಂತ ಈ ಸಂದಿಗ್ಧವೇ ಕಥೆಗೆ ಬಿಗುವನ್ನು ಕೊಡುತ್ತದೆ.

ರವೀಂದ್ರನಾಥ ಠಾಕೂರರು. 1895ರ ‘ನಿಶೀಥೆ’ಯಲ್ಲಿ, ಬಾಗಿಲಲ್ಲಿ ತೋರಿದ ತರುಣಿಯನ್ನು ಕಂಡು ರೋಗಶಯ್ಯೆಯಲ್ಲಿದ್ದ ಪತ್ನಿ ಕೇಳಿದ ‘ಯಾರವಳು?’ ಎಂಬ ಪ್ರಶ್ನೆಯು, ಆಕೆ ಸತ್ತು ಆ ತರುಣಿಯೇ ಮಡದಿಯಾಗಿ ಬಂದ ಮೇಲೆ, ಪದ್ಮಾ ನದಿಯ ಮರಳದಿಣ್ಣೆಯಲ್ಲಿ ಪಕ್ಷಿಗಳ ಕೂಗಾಗಿ, ಕತ್ತಲಲ್ಲಿ ಗಡಿಯಾರದ ಸದ್ದಾಗಿ ಗಂಡನನ್ನು ಬೆನ್ನಟ್ಟುತ್ತದೆ. ಪ್ರತಿಯೊಂದಕ್ಕೂ ಸಹಜವಾದ ಕಾರಣವನ್ನು ಹೇಳಬಹುದಾದುದರಿಂದಲೇ ಭಯವು ಕರಗದೆ ಉಳಿಯುತ್ತದೆ.

1898ರ ‘ಮಣಿಹಾರಾ’ದ ರಚನೆ ಇನ್ನೂ ಸೂಕ್ಷ್ಮವಾದುದು. ಒಡವೆಗಳೊಡನೆ ಕಾಣೆಯಾದ ಹೆಂಡತಿಯನ್ನು ಫಣಿಭೂಷಣನು ಕಾದಿರಲು, ಆಭರಣಗಳ ಸಪ್ಪಳವು ನದಿಯ ಮೆಟ್ಟಿಲೇರಿ ಮೊದಲ ರಾತ್ರಿ ಮುಚ್ಚಿದ ಹೊರಬಾಗಿಲಲ್ಲಿ ನಿಲ್ಲುತ್ತದೆ. ಮರುರಾತ್ರಿ ಶಯನಗೃಹದ ಬಾಗಿಲವರೆಗೆ ಬರುತ್ತದೆ. ಮೂರನೆಯ ರಾತ್ರಿ ಒಡವೆ ತೊಟ್ಟ ಅಸ್ಥಿಪಂಜರವೇ ಒಳಗೆ ನಿಂತಿರುತ್ತದೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಹಿಂದಿನೆರಡು ರಾತ್ರಿಗಳ ಶಬ್ದಕ್ಕಿರುವ ಶಕ್ತಿ ಆ ದರ್ಶನಕ್ಕಿಲ್ಲ. ಠಾಕೂರರೂ ಪ್ರಾಯಶಃ ಇದನ್ನರಿತೇ ಕಥೆಯನ್ನು ಅಲ್ಲಿಗೆ ಮುಗಿಸಲಿಲ್ಲ. ಹಾಳು ಘಟ್ಟದಲ್ಲಿ ಕುಳಿತು ಈ ಕಥೆಯನ್ನು ಕೇಳುತ್ತಿದ್ದ ಅಪರಿಚಿತನು ತಾನೇ ಫಣಿಭೂಷಣನೆಂದೂ ತನ್ನ ಹೆಂಡತಿಯ ಹೆಸರು ನೃತ್ಯಕಾಲಿಯೆಂದೂ ನುಡಿದಾಗ, ಹೇಳಿದವನ ಸಾಕ್ಷ್ಯವೇ ಕುಸಿಯುತ್ತದೆ. ಇಂಗ್ಲಿಷಿನಲ್ಲಿ ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಪ್ರಕಟವಾದುದೂ ಅದೇ ವರ್ಷ; ಅಲ್ಲಿಯೂ ಸಂಶಯವು ನಿರೂಪಕಿಯ ಮೇಲೆಯೇ ತಿರುಗುವುದು ಗಮನಾರ್ಹ.

ಆಧುನಿಕರು. 1961ರ ‘ತೀನ್ ಕನ್ಯಾ’ದಲ್ಲಿ ‘ಮಣಿಹಾರಾ’ವನ್ನು ಚಿತ್ರಿಸಿದ ಸತ್ಯಜಿತ್ ರಾಯ್ ಅವರು ‘ಅನಾಥಬಾಬುರ್ ಭಯ್’ ಕಥೆಯಲ್ಲಿ ಅಲಂಕಾರವನ್ನೆಲ್ಲ ತ್ಯಜಿಸುತ್ತಾರೆ: ದೆವ್ವದ ಮನೆಯಲ್ಲಿ ರಾತ್ರಿ ಕಳೆದವನು ಬೆಳಗಿನ ಬಿಸಿಲಲ್ಲಿ ಉಲ್ಲಾಸದಿಂದ ಮಾತನಾಡುತ್ತಾನೆ; ಅವನ ಶವವು ಒಳಗೆ ಬಿದ್ದಿರುತ್ತದೆ. ಕಾಶಿಯಲ್ಲೇ ನಡೆಯುವ ಅವರ ‘ಜಯ್ ಬಾಬಾ ಫೇಲುನಾಥ್’ (ಚಲನಚಿತ್ರ, 1979) ಪತ್ತೇದಾರಿ ಕೃತಿಯಾದುದರಿಂದ ಈ ಲೇಖನದ ವ್ಯಾಪ್ತಿಗೆ ಸೇರದು.