ದೇಹ, ದಾರಿ, ಬಾಂಧವ್ಯ: ನಮ್ಮ ಶಾಲೆಗಳ ಜೀವನಪಾಠದ ಇತಿಹಾಸ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲನ್ನಿಟ್ಟವರ ಹೆಸರು, ಗಂಟೆಗೋಪುರ ಎದ್ದ ವರ್ಷ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದಾನಿಗಳ ಔದಾರ್ಯ ಇವು ದಾಖಲಾಗುವುದು ವಾಡಿಕೆ. ಅವೆಲ್ಲವನ್ನೂ ಓದುಗರು ಇದೇ ಸಂಚಿಕೆಯ ಇತರ ಪುಟಗಳಲ್ಲಿ ಕಾಣುವರು. ನಾವು ಇಲ್ಲಿ ಕಲ್ಲು ಗಾರೆಗಳಲ್ಲಿ ಕಾಣಸಿಗದ ಇನ್ನೊಂದು ಇತಿಹಾಸವನ್ನು ಬರೆಯಬಯಸಿದ್ದೇವೆ. ದೇವಾಲಯದ ಪಕ್ಕದಲ್ಲಿ ಶಾಲೆಯನ್ನು ಕಟ್ಟುವುದು ನಮ್ಮ ಹಿರಿಯರ ಪದ್ಧತಿ. ಆ ಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಮಕ್ಕಳಿಗೆ ಬಾಳುವುದನ್ನು ಎಷ್ಟರಮಟ್ಟಿಗೆ ಕಲಿಸಲಾಯಿತು? ದೇಹವನ್ನು ಕಾಪಾಡಿಕೊಳ್ಳುವುದು, ದಾರಿಯಲ್ಲಿ ಎಚ್ಚರದಿಂದ ಸಾಗುವುದು, ಇನ್ನೊಬ್ಬರೊಡನೆ ಗೌರವದಿಂದ ನಡೆದುಕೊಳ್ಳುವುದು, ಈ ಮೂರು ಪಾಠಗಳ ಕಥೆಯೇ ನಮ್ಮ ಇಂದಿನ ವಿಷಯ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಹತ್ತನೆಯ ತರಗತಿಯನ್ನು ಆಗತಾನೇ ಮುಗಿಸಿದ್ದ ಬಾಲಕನೊಬ್ಬನ ಶವಸಂಸ್ಕಾರವನ್ನು ನಾವು ನೆರವೇರಿಸಬೇಕಾಯಿತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದುದಕ್ಕಾಗಿ ಮನೆಯವರು ಪ್ರೀತಿಯಿಂದ ಕೊಡಿಸಿದ್ದ ಮೋಟಾರ್ ಬೈಕೇ ಅವನ ಮೃತ್ಯುವಾಯಿತು. ಧರ್ಮೋಪದೇಶದ ತರಗತಿಯಲ್ಲಿ ಅವನು ಜಾಣ. ದೇವರ ಹತ್ತು ಕಟ್ಟಳೆಗಳನ್ನು ಎಡವದೆ ಒಪ್ಪಿಸುತ್ತಿದ್ದ. ಐದನೆಯ ಕಟ್ಟಳೆ ರಸ್ತೆಗೂ ಅನ್ವಯಿಸುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಶವಪೆಟ್ಟಿಗೆಯ ಮುಂದೆ ನಿಂತು ಪ್ರಬೋಧನೆ ಮಾಡುವಾಗ ಈ ಮಾತು ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನು ಇಂದು ಬರೆಯುತ್ತಿದ್ದೇವೆ.

ಹಿಂದಿನವರ ಮೇಲ್ಪಂಕ್ತಿ

ಮಾನವನ ದೇಹವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ಬೋಧಿಸಿದರು. ದೇಹವನ್ನು ತುಚ್ಛವೆಂದು ಕಾಣುವುದು ಕ್ರೈಸ್ತ ಬೋಧನೆಯಲ್ಲ. ಈ ಬೋಧನೆಯನ್ನು ಶಾಲೆಯ ಪಾಠವಾಗಿ ಮಾರ್ಪಡಿಸಿದವರಲ್ಲಿ ಪ್ರಮುಖರು ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್. ಬಡಮಕ್ಕಳ ಶಾಲೆಗಳಿಗೆಂದು ಅವರು ರಚಿಸಿದ ಕ್ರೈಸ್ತ ಸಭ್ಯತೆಯ ಪುಸ್ತಕವು 1703ರಲ್ಲಿ ಅಚ್ಚಾಯಿತು. ಶುಚಿಯಾಗಿರುವುದು, ಊಟಮಾಡುವುದು, ಮಾತನಾಡುವುದು, ಎದುರಿಗಿರುವವರನ್ನು ಗೌರವಿಸುವುದು ಮುಂತಾದ ಸಂಗತಿಗಳನ್ನು ಅದು ಭಕ್ತಿಯ ಅಂಗವಾಗಿಯೇ ವಿವರಿಸಿತು. ಅವರನ್ನು 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಇಟಲಿಯ ಸಂತ ಜಾನ್ ಬೋಸ್ಕೊರವರು 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಬರೆದಿಟ್ಟಾಗ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಆಧಾರಗಳನ್ನು ಹೇಳಿದರು. ಮಗು ತಪ್ಪಿದ ಮೇಲೆ ದಂಡಿಸುವುದಕ್ಕಿಂತ, ತಪ್ಪದಂತೆ ಮೊದಲೇ ಜೊತೆಗಿರುವುದು ಮೇಲು ಎಂಬುದು ಅವರ ಕ್ರಮದ ತಿರುಳು.

ನಮ್ಮ ನಾಡಿನಲ್ಲಿಯೂ ಶಿಕ್ಷಣ ಮತ್ತು ಆರೋಗ್ಯ ಜೊತೆಜೊತೆಯಾಗಿಯೇ ಬೆಳೆದವು. ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕೈಗೆತ್ತಿಕೊಂಡರು. ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಅದೇ ನಗರಕ್ಕೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅವರಲ್ಲೊಬ್ಬರಾದ ಫಾದರ್ ಅಗಸ್ಟಸ್ ಮುಲ್ಲರ್‌ರವರು ಅದೇ ವರ್ಷ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೂ 1902ರಲ್ಲಿ ಪ್ಲೇಗ್ ಪೀಡಿತರಿಗೂ ಆಶ್ರಯ ಕಲ್ಪಿಸಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಭಗಿನಿಯರಿಂದ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆ ಪ್ರಾರಂಭವಾಯಿತು. ಆ ನಗರವನ್ನು 1898ರಲ್ಲಿ ಪ್ಲೇಗ್ ಮಾರಿಯು ಕಂಗೆಡಿಸಿದ ಕಥೆಯನ್ನು ನಮ್ಮ ಅಜ್ಜಂದಿರ ಬಾಯಿಂದ ಕೇಳಿದವರು ಇಂದಿಗೂ ಇದ್ದಾರೆ.

ಇಂತಹ ರೋಗಗಳ ನೆನಪಿನಲ್ಲಿ ಬೆಳೆದ ಶಿಕ್ಷಕರಿಗೆ ಆರೋಗ್ಯವೆಂದರೆ ಮುಖ್ಯವಾಗಿ ಶುಚಿತ್ವ. ನಮ್ಮ ಬಾಲ್ಯದಲ್ಲಿಯೂ ಬೆಳಗಿನ ಪ್ರಾರ್ಥನೆ ಮುಗಿದೊಡನೆ ಉಗುರು, ಹಲ್ಲು, ತಲೆಗೂದಲುಗಳ ತಪಾಸಣೆ ನಡೆಯುತ್ತಿತ್ತು. ಕುದಿಸಿ ಆರಿಸಿದ ನೀರು, ಮೈಲಿಬೇನೆಯ ಚುಚ್ಚುಮದ್ದು, ಊಟಕ್ಕೆ ಮುನ್ನ ಕೈತೊಳೆಯುವುದು ಇವು ಪಾಠಗಳಾಗಿದ್ದವು. ಸರಕಾರದ ಕಡೆಯಿಂದ 1946ರ ಭೋರ್ ಸಮಿತಿಯು ಶಾಲಾ ಆರೋಗ್ಯ ಸೇವೆಯ ಅಗತ್ಯವನ್ನು ಎತ್ತಿ ಹೇಳಿತು. 1960ರಲ್ಲಿ ಶ್ರೀಮತಿ ರೇಣುಕಾ ರಾಯ್‌ರವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯೇ ನೇಮಕವಾಯಿತು. ಆದರೂ ಹದಿಹರೆಯದ ಮಗುವಿನ ಮನಸ್ಸು, ಅದರ ಭಯ, ಅದರ ಒಂಟಿತನ ಇವು ಬಹುಕಾಲ ಪಾಠದ ಹೊರಗೇ ಉಳಿದವು.

ಮೌನದ ದೀರ್ಘಕಾಲ

ಗಂಡು ಹೆಣ್ಣಿನ ಸಂಬಂಧ, ದೇಹದ ಬದಲಾವಣೆ, ಸ್ನೇಹದ ಮೇರೆ ಇವುಗಳ ವಿಷಯದಲ್ಲಿ ನಮ್ಮ ಮೌನ ಇನ್ನೂ ದೀರ್ಘವಾಗಿತ್ತು. ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಹೇಗೆ ಮುಂದುವರಿಯಿತೆಂಬುದನ್ನು ನಮ್ಮ ಜನರು ತಿಳಿಯುವುದು ಒಳಿತು. ಜಗದ್ಗುರು ಹನ್ನೊಂದನೆಯ ಪಯಸ್‌ರವರು 1929ರ ಡಿಸೆಂಬರ್ 31ರ ತಮ್ಮ ವಿಶ್ವಪತ್ರದಲ್ಲಿ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಈ ವಿಷಯವನ್ನು ಬರಿಯ ಶರೀರಶಾಸ್ತ್ರದಂತೆ ಬೋಧಿಸುವುದರ ವಿರುದ್ಧ ಎಚ್ಚರಿಸಿದರು. ಯೋಗ್ಯರಾದವರು ಸಕಾಲದಲ್ಲಿ, ಖಾಸಗಿಯಾಗಿ, ವಿವೇಕದಿಂದ ತಿಳಿಹೇಳುವುದನ್ನು ಅವರು ನಿಷೇಧಿಸಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳು ಬೆಳೆದಂತೆ ಅವರಿಗೆ ವಿವೇಕಯುತವಾದ ಲೈಂಗಿಕ ಶಿಕ್ಷಣ ದೊರೆಯಬೇಕೆಂದು ಸ್ಪಷ್ಟವಾಗಿ ಹೇಳಿತು. ಜಗದ್ಗುರು ಎರಡನೆಯ ಜಾನ್ ಪೌಲ್‌ರವರು 1981ರಲ್ಲಿ, ಇದು ಮೊದಲಿಗೆ ತಂದೆತಾಯಿಯರ ಹಕ್ಕು ಮತ್ತು ಕರ್ತವ್ಯವೆಂದೂ ಶಾಲೆಯು ಅವರ ಸಹಾಯಕ್ಕೆ ನಿಲ್ಲತಕ್ಕದ್ದೆಂದೂ ಬೋಧಿಸಿದರು. ವ್ಯಾಟಿಕನ್ನಿನ ಶಿಕ್ಷಣ ಶಾಖೆಯು 1983ರಲ್ಲಿ ಮಾನವ ಪ್ರೇಮದ ಶಿಕ್ಷಣದ ಬಗ್ಗೆ ಮಾರ್ಗದರ್ಶಿಯನ್ನೇ ಹೊರಡಿಸಿತು. ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬ ಪ್ರೇಮವನ್ನು ಕುರಿತ ತಮ್ಮ ಪತ್ರದಲ್ಲಿ ಈ ಶಿಕ್ಷಣದ ಅಗತ್ಯವನ್ನು ಮತ್ತೆ ಒತ್ತಿ ಹೇಳಿದರು.

ಬೋಧನೆಯಲ್ಲಿ ಹೀಗೆ ಬಾಗಿಲು ತೆರೆದಿದ್ದರೂ ತರಗತಿಯ ಬಾಗಿಲು ಮುಚ್ಚಿಯೇ ಇತ್ತು. ನೀತಿಪಾಠದ ಅವಧಿಯಲ್ಲಿ ಬಾಲಕನೊಬ್ಬ ಎದ್ದು ನಿಂತು ಪ್ರಶ್ನೆ ಕೇಳಿದಾಗ, ತರಗತಿಯೇ ನಕ್ಕಿತು. ಯುವ ಗುರುಗಳಾಗಿದ್ದ ನಾವು ಪುಟ ತಿರುವಿದೆವು. ಆ ಪ್ರಶ್ನೆಗೆ ಅವನು ಮತ್ತೆಲ್ಲಿ ಉತ್ತರ ಹುಡುಕಿದನೋ ದೇವರೇ ಬಲ್ಲರು. ಸರಕಾರದ ಯತ್ನಗಳೂ ಸುಗಮವಾಗಿ ನಡೆಯಲಿಲ್ಲ. ಹದಿಹರೆಯದ ಶಿಕ್ಷಣ ಕಾರ್ಯಕ್ರಮವು 2005ರಲ್ಲಿ ದೇಶದಲ್ಲಿ ಆರಂಭವಾಯಿತು. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆಕ್ಷೇಪಗಳ ಕಾರಣ ಅದನ್ನು ತಡೆಹಿಡಿದವು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆ 2012ರಲ್ಲಿ ಬಂದಿತು. ಮೌನದಿಂದ ಮಕ್ಕಳು ಸುರಕ್ಷಿತರಾಗುವುದಿಲ್ಲವೆಂಬುದನ್ನು ಧರ್ಮಸಭೆಯೂ ನೋವಿನಿಂದ ಕಲಿತಿದೆ. ಸಭೆಯೊಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳನ್ನು ಕುರಿತು 2019ರ ಫೆಬ್ರವರಿಯಲ್ಲಿ ಜಗದ್ಗುರುಗಳು ವ್ಯಾಟಿಕನ್ನಿನಲ್ಲಿ ಸಭೆ ಕರೆಯಬೇಕಾಯಿತು. ಈ ಸತ್ಯವನ್ನು ಶತಮಾನೋತ್ಸವದ ಸಂಭ್ರಮದಲ್ಲಿ ಮರೆಮಾಚುವುದು ನಮಗೆ ಶೋಭಿಸದು. ತನ್ನ ದೇಹದ ಗೌರವವನ್ನು ಅರಿತ ಮಗು, ಬೇಡವೆನ್ನಲು ಕಲಿತ ಮಗು, ನಂಬಿಕೆಯ ಹಿರಿಯರೊಡನೆ ಭಯವಿಲ್ಲದೆ ಮಾತನಾಡಬಲ್ಲ ಮಗು, ಹೆಚ್ಚು ಸುರಕ್ಷಿತ.

ಕೇಂದ್ರ ಸರಕಾರವು 2020ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಶಾಲಾ ಆರೋಗ್ಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಇದರಲ್ಲಿ 11 ವಿಷಯಗಳಿವೆ. ಪೌಷ್ಟಿಕ ಆಹಾರ, ಮನಸ್ಸಿನ ಆರೋಗ್ಯ, ಪರಸ್ಪರ ಸಂಬಂಧಗಳು, ಮಾದಕ ವಸ್ತುಗಳಿಂದ ದೂರವಿರುವುದು, ಹಿಂಸೆ ಮತ್ತು ಅಪಘಾತಗಳಿಂದ ರಕ್ಷಣೆ ಇವೆಲ್ಲವೂ ಒಂದೇ ಪಠ್ಯದೊಳಗೆ ಬಂದಿವೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಇದಕ್ಕಾಗಿ ತರಬೇತುಗೊಳಿಸಬೇಕೆಂಬುದು ಅದರ ಯೋಜನೆ.

ರಸ್ತೆಯೆಂಬ ಪರೀಕ್ಷಾಸ್ಥಳ

ವಾಹನ ಚಾಲನೆಯನ್ನು ಶಾಲೆಯ ಪಾಠವಾಗಿಸಿದ್ದು ಅಮೆರಿಕ. ಪೆನ್ಸಿಲ್ವೇನಿಯಾ ರಾಜ್ಯದ ಸ್ಟೇಟ್ ಕಾಲೇಜ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಪ್ರಾಧ್ಯಾಪಕ ಏಮೊಸ್ ನೇಹಾರ್ಟ್‌ರವರು 1934ರಲ್ಲಿ ಇಂತಹ ತರಗತಿಯನ್ನು ಆರಂಭಿಸಿದರು. ನಮ್ಮ ದೇಶದ ಪರಿಸ್ಥಿತಿ ಬೇರೆ. 1988ರ ಮೋಟಾರು ವಾಹನ ಕಾಯಿದೆಯಂತೆ ಚಾಲನೆಗೆ 18 ವರ್ಷ ತುಂಬಿರಬೇಕು. 50 ಸಿಸಿ ಮೀರದ, ಗೇರ್ ಇಲ್ಲದ ದ್ವಿಚಕ್ರಕ್ಕೆ ಮಾತ್ರ 16 ವರ್ಷ ಸಾಕು. ಇಂದು ರಸ್ತೆಯಲ್ಲಿ ಕಾಣುವ ಬಹುಪಾಲು ಸ್ಕೂಟರುಗಳು ಆ ಮಿತಿಯನ್ನು ಮೀರಿದವು. ಆದುದರಿಂದ ನಮ್ಮ ಪ್ರೌಢಶಾಲೆಯ ಮಗು ಕಲಿಯಬೇಕಾದುದು ಚಾಲನೆಯ ಕೌಶಲವನ್ನಲ್ಲ, ರಸ್ತೆಯ ವಿವೇಕವನ್ನು.

ಈ ವಿವೇಕವೂ ಧರ್ಮದ ವಿಷಯವೇ. 1965ರ ಡಿಸೆಂಬರ್ 7ರಂದು ಪ್ರಕಟವಾದ ಮಹಾಸಭೆಯ ‘ಗೌದಿಯುಂ ಎತ್ ಸ್ಪೆಸ್’ ಸಂವಿಧಾನದ 30ನೆಯ ಪರಿಚ್ಛೇದವು, ಆರೋಗ್ಯ ರಕ್ಷಣೆಯ ನಿಯಮಗಳನ್ನೂ ವಾಹನದ ವೇಗಮಿತಿಯನ್ನೂ ಹಗುರವಾಗಿ ಕಾಣುವವರು ತಮ್ಮ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುತ್ತಾರೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. 1992ರ ಧರ್ಮೋಪದೇಶ ಗ್ರಂಥವು ಕುಡಿದು ಅಥವಾ ವೇಗದ ಮೋಹದಿಂದ ಪರರ ಸುರಕ್ಷತೆಯನ್ನು ಕೆಡಿಸುವುದನ್ನು ಗಂಭೀರ ಅಪರಾಧವೆಂದು ಎಣಿಸುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ನಿನಿಂದ ಬಂದ ಮಾರ್ಗದರ್ಶಿಯೊಂದು ಚಾಲಕರಿಗೆಂದೇ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಅದರಲ್ಲಿ ಮೊದಲನೆಯದು ಕೊಲ್ಲಬಾರದೆಂಬುದು.

ಇವು ದೂರದ ಮಾತುಗಳಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಕಾನೂನಿನ ಭಯಕ್ಕಿಂತ ಲೆಕ್ಕದ ಪಾಠ ಹೆಚ್ಚು ಮನವೊಲಿಸೀತು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಫೋನನ್ನು ಒಂದು ಕ್ಷಣ ನೋಡಿದವನು ಅಷ್ಟು ದಾರಿಯನ್ನು ಕುರುಡನಂತೆ ಕ್ರಮಿಸಿದಂತೆಯೇ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ವಿಜ್ಞಾನದ ಶಿಕ್ಷಕರು ಕಪ್ಪುಹಲಗೆಯ ಮೇಲೆ ಇದನ್ನು ಬರೆದು ತೋರಿಸಿದರೆ, ಅದೇ ಒಂದು ಪ್ರಬೋಧನೆ. ದಾರಿಯಲ್ಲಿ ಬಿದ್ದವನನ್ನು ಕಂಡು ಸರಿದುಹೋಗದ ಸಮಾರಿಯದವನ ಸಾಮತಿಯೂ ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ರಕ್ಷಣೆ ನೀಡಿದೆ.

ಮೂರೂ ಒಂದೇ ಪಾಠ

ಇಷ್ಟೆಲ್ಲವನ್ನು ನೋಡಿದ ಮೇಲೆ ನಮಗೆ ತೋರುವುದಿಷ್ಟು: ಆರೋಗ್ಯ, ರಸ್ತೆ, ಸಂಬಂಧ ಇವು ಮೂರು ಪಾಠಗಳಲ್ಲ, ಒಂದೇ. ಆ ಬಾಲಕನ ಹಿಂದೆ ಇಬ್ಬರು ಗೆಳೆಯರು ಕುಳಿತಿದ್ದರು. ಇನ್ನೂ ಜೋರಾಗಿ ಹೋಗೆಂದು ಅವರೇ ಹುರಿದುಂಬಿಸಿದ್ದರಂತೆ. ಗೆಳೆಯರ ಮಾತಿಗೆ ಬೇಡವೆನ್ನಲು ಅವನಿಗೆ ಬರಲಿಲ್ಲ. ಅಂದರೆ ಅವನಿಗೆ ತಪ್ಪಿದ ಪಾಠ ರಸ್ತೆಯದ್ದಷ್ಟೇ ಅಲ್ಲ, ಸ್ನೇಹದ್ದೂ ಹೌದು. ಮೊದಲ ಲೋಟ ಮದ್ಯವನ್ನು ನಿರಾಕರಿಸುವ ಧೈರ್ಯ, ಒಲ್ಲೆನೆಂದ ಹುಡುಗಿಯ ಮಾತನ್ನು ಗೌರವಿಸುವ ಸಂಯಮ, ಹೆಲ್ಮೆಟ್ ಧರಿಸಿದವನನ್ನು ಹಾಸ್ಯಮಾಡದ ಸೌಜನ್ಯ, ಇವೆಲ್ಲದರ ಬೇರು ಒಂದೇ. ತಾನೂ ದೇವರ ಪ್ರತಿರೂಪ, ಎದುರಿನವನೂ ದೇವರ ಪ್ರತಿರೂಪ ಎಂಬ ಅರಿವೇ ಆ ಬೇರು.

ಆ ಶವಸಂಸ್ಕಾರದ ನಂತರ ನಾವು ಧರ್ಮೋಪದೇಶದ ತರಗತಿಯಲ್ಲಿ ಐದನೆಯ ಕಟ್ಟಳೆಯನ್ನು ಬೋಧಿಸುವ ಕ್ರಮವನ್ನು ಬದಲಿಸಿದೆವು. ಮಕ್ಕಳು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲು ಪೆಟ್ಟಿಗೆಯೊಂದನ್ನು ಇಟ್ಟೆವು. ಮೊದಲ ವಾರ ಅದು ಖಾಲಿಯಾಗಿತ್ತು; ಒಂದು ತಿಂಗಳಲ್ಲಿ ತುಂಬಿತು. ನಮಗೆ ತಿಳಿಯದ ಪ್ರಶ್ನೆಗಳಿಗೆ ವೈದ್ಯರನ್ನೂ ದಾದಿಯರನ್ನೂ ಕರೆಸಿದೆವು. ಪುಟ ತಿರುವಿದ ಪಾಪಕ್ಕೆ ನಾವು ಮಾಡಿಕೊಂಡ ಪ್ರಾಯಶ್ಚಿತ್ತವೆಂದು ಇದನ್ನು ಎಣಿಸಿದ್ದೇವೆ.

ಆದರೆ ಶಾಲೆಯೂ ಗುರುಗಳೂ ತಂದೆತಾಯಿಯರ ಸ್ಥಾನವನ್ನು ತುಂಬಲಾರರು. ಪ್ರಿಯ ಭಕ್ತಾದಿಗಳೇ, ವಯಸ್ಸು ತುಂಬುವ ಮುನ್ನ ಬೀಗದ ಕೈಯನ್ನು ಮಕ್ಕಳ ಕೈಗೆ ಕೊಡಬೇಡಿರಿ. ಸಂಜೆಯ ಜಪಸರವಾದ ಮೇಲೆ ಹತ್ತು ನಿಮಿಷ ಅವರ ಮಾತಿಗೆ ಕಿವಿಗೊಡಿರಿ. ಅವರು ಕೇಳುವ ಪ್ರಶ್ನೆಗೆ ಗದರಬೇಡಿರಿ. ತಂದೆಯೇ ಹೆಲ್ಮೆಟ್ಟಿಲ್ಲದೆ ಪೂಜೆಗೆ ಬಂದರೆ ಮಗನಿಗೆ ಮಾಡಿದ ಉಪದೇಶ ಗಾಳಿಗೆ ಹೋದೀತು.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯದ ಕಲ್ಲುಗಳನ್ನು ತಲೆಯ ಮೇಲೆ ಹೊತ್ತು ತಂದರು. ಅವರು ಕಟ್ಟಿದ ಆಲಯವನ್ನು ನಾವು ಬಣ್ಣ ಬಳಿದು, ದೀಪ ಹಚ್ಚಿ ಅಲಂಕರಿಸಿದ್ದೇವೆ. ಪ್ರತಿಯೊಂದು ಮಗುವಿನ ದೇಹವೂ ಅಂತಹದೇ ಆಲಯ. ಅದನ್ನೂ ಅಷ್ಟೇ ಎಚ್ಚರದಿಂದ ಕಾಯುವ ಕೃಪೆಯನ್ನು ಪ್ರಭು ಯೇಸುಕ್ರಿಸ್ತರು ನಮಗೆಲ್ಲರಿಗೂ ಅನುಗ್ರಹಿಸಲಿ; ಮಾತೆ ಮರಿಯಮ್ಮನವರು ನಮ್ಮ ಮಕ್ಕಳ ಎಲ್ಲ ದಾರಿಗಳಲ್ಲಿಯೂ ಜೊತೆಯಾಗಿರಲಿ ಎಂದು ಪ್ರಾರ್ಥಿಸುತ್ತೇವೆ.